‘ತಂದೆ/ಗಂಡನ ಹೆಸರು’ ಎಂಬ ಕಾಲಂ: ಒಂಟಿ ಮಹಿಳೆ ಮತ್ತು ಕಾಗದಪತ್ರ

ನಾಡಕಚೇರಿಯಲ್ಲಿ ಯಾವ ಅರ್ಜಿ ತೆಗೆದುಕೊಂಡರೂ ಮೊದಲ ಸಾಲಿನಲ್ಲಿ ಅರ್ಜಿದಾರರ ಹೆಸರು, ಅದರ ಕೆಳಗೇ ‘ತಂದೆ/ಗಂಡನ ಹೆಸರು’. ಮದುವೆಯಾಗಿ ಸಂಸಾರ ನಡೆಸುತ್ತಿರುವವಳು ಅದನ್ನು ತುಂಬಿ ಮುಂದೆ ಹೋಗುತ್ತಾಳೆ. ಆಮೇಲೆ ಬರುವ ಹತ್ತಾರು ಪ್ರಶ್ನೆಗಳಿಗೆ ಕಾನೂನು, ಬ್ಯಾಂಕು, ಆಸ್ಪತ್ರೆ ಎಲ್ಲವೂ ಆ ಒಂದು ಹೆಸರಿನಿಂದಲೇ ಉತ್ತರ ಹುಡುಕಿಕೊಳ್ಳುತ್ತವೆ. ಪಿಎಫ್ ಯಾರಿಗೆ, ಪಿಂಚಣಿ ಯಾರಿಗೆ, ಮನೆ ಯಾರಿಗೆ, ಆಪರೇಷನ್‌ಗೆ ಮುಂಚೆ ಸಹಿ ಹಾಕುವವರು ಯಾರು. ಒಂಟಿಯಾಗಿರುವವಳು ಈ ಒಂದೊಂದನ್ನೂ ತಾನೇ ಬರೆದಿಡಬೇಕು. ಬರೆಯದಿದ್ದರೆ ಆ ಜಾಗ ಖಾಲಿ ಉಳಿಯುತ್ತದೆ ಅಂದುಕೊಳ್ಳಬೇಡಿ. ಆಕೆ ಮುಖವನ್ನೇ ನೋಡದ ಯಾರದೋ ಹೆಸರು ಅಲ್ಲಿ ಬಂದು ಕೂರುತ್ತದೆ.

2011ರ ಜನಗಣತಿಯ ಲೆಕ್ಕದಲ್ಲಿ ದೇಶದಲ್ಲಿ ಒಂಟಿ ಮಹಿಳೆಯರು ಸುಮಾರು 7.1 ಕೋಟಿ. ಆದರೆ ‘ಒಂಟಿ ಮಹಿಳೆ’ ಎಂಬುದು ಮಾತಿನಲ್ಲಿ ಒಂದೇ ಪದವಾದರೂ ಕಚೇರಿಯ ಮೇಜಿನ ಮೇಲೆ ಐದು ಬೇರೆ ಬೇರೆ ಜನ: ಮದುವೆಯೇ ಆಗದವಳು, ವಿಧವೆ, ಕೋರ್ಟಿನಿಂದ ವಿಚ್ಛೇದನ ಪಡೆದವಳು, ವಿಚ್ಛೇದನವಿಲ್ಲದೆ ಗಂಡನಿಂದ ದೂರ ಇರುವವಳು, ಗಂಡ ಎಲ್ಲಿದ್ದಾನೋ ಗೊತ್ತೇ ಇಲ್ಲದವಳು. ಮೊದಲ ಮೂವರ ಕೈಯಲ್ಲಿ ತೋರಿಸಲು ಏನಾದರೊಂದು ದಾಖಲೆ ಇರುತ್ತದೆ. ಕೊನೆಯ ಇಬ್ಬರಿಗೆ ಅದೂ ಇಲ್ಲ. ಹೆಚ್ಚು ಪೆಟ್ಟು ತಿನ್ನುವವರೂ ಅವರೇ, ಅವರಿಂದಲೇ ಶುರು ಮಾಡೋಣ.

ಸೋಡಚೀಟಿ ಡಿಕ್ರಿಯಲ್ಲ

ಹಿರಿಯರನ್ನು ಕೂರಿಸಿಕೊಂಡು, ಛಾಪಾ ಕಾಗದದ ಮೇಲೆ ‘ಇನ್ನು ಮುಂದೆ ನಮ್ಮಿಬ್ಬರಿಗೂ ಸಂಬಂಧವಿಲ್ಲ’ ಎಂದು ಬರೆದು ಎರಡೂ ಕಡೆಯವರು ಸಹಿ ಹಾಕುವುದು ಹಳ್ಳಿಗಳಲ್ಲಿ ಈಗಲೂ ನಡೆಯುತ್ತದೆ. ಉತ್ತರ ಕರ್ನಾಟಕದಲ್ಲಿ ಅದಕ್ಕೆ ಸೋಡಚೀಟಿ ಎನ್ನುತ್ತಾರೆ. ಹಿಂದೂ ವಿವಾಹ ಕಾಯ್ದೆಯ 29ನೇ ಕಲಂ ಸಮುದಾಯದ ರೂಢಿಯಂತೆ ನಡೆದ ವಿಚ್ಛೇದನವನ್ನು ಒಪ್ಪುತ್ತದೆ ನಿಜ. ಆದರೆ ಅಂಥ ರೂಢಿ ತಮ್ಮ ಸಮುದಾಯದಲ್ಲಿ ತಲೆತಲಾಂತರದಿಂದ ಇದೆ ಎಂಬುದನ್ನು ಪ್ರಶ್ನೆ ಬಂದ ದಿನ ಕೋರ್ಟಿನಲ್ಲಿ ಸಾಕ್ಷಿಸಮೇತ ತೋರಿಸಬೇಕು. ತೋರಿಸಲಾಗದಿದ್ದರೆ ಆ ಕಾಗದಕ್ಕೆ ಬೆಲೆಯಿಲ್ಲ, ಹತ್ತು ವರ್ಷ ಬೇರೆ ಇದ್ದರೂ ಆಕೆ ಕಾನೂನಿನ ಕಣ್ಣಿನಲ್ಲಿ ಹೆಂಡತಿಯೇ.

ಡಿಕ್ರಿ, ಅಂದರೆ ಕೋರ್ಟಿನ ವಿಚ್ಛೇದನದ ಆದೇಶ, ಪಡೆಯಲು ದಾರಿ ಮೂರಿವೆ. ಇಬ್ಬರೂ ಒಪ್ಪಿದರೆ ಪರಸ್ಪರ ಒಪ್ಪಿಗೆಯ ವಿಚ್ಛೇದನ: ಒಂದು ವರ್ಷ ಬೇರೆ ವಾಸ ಮಾಡಿರಬೇಕು, ಅರ್ಜಿ ಹಾಕಿ ಆರು ತಿಂಗಳ ಮೇಲೆ ಎರಡನೇ ಬಾರಿ ಕೋರ್ಟಿನ ಮುಂದೆ ನಿಲ್ಲಬೇಕು. ಈ ಆರು ತಿಂಗಳನ್ನು ಸೂಕ್ತ ಪ್ರಕರಣದಲ್ಲಿ ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಗಂಡ ಒಪ್ಪುವುದಿಲ್ಲ, ಆದರೆ ಬಿಟ್ಟು ಹೋಗಿ ಎರಡು ವರ್ಷ ದಾಟಿದೆ ಎಂದಾದರೆ ಪರಿತ್ಯಾಗವೇ ವಿಚ್ಛೇದನಕ್ಕೆ ಕಾರಣವಾಗುತ್ತದೆ. ಏಳು ವರ್ಷ ಆತನ ಸುದ್ದಿಯೇ ಇಲ್ಲದಿದ್ದರೆ ಅದೂ ಒಂದು ಪ್ರತ್ಯೇಕ ಕಾರಣ. ಗಂಡನ ಊರಿಗೆ ಅಲೆಯಬೇಕಿಲ್ಲ. 2003ರ ತಿದ್ದುಪಡಿಯ ನಂತರ ಹೆಂಡತಿ ತಾನು ಈಗ ವಾಸವಿರುವ ಊರಿನ ಕೋರ್ಟಿನಲ್ಲೇ ಅರ್ಜಿ ಹಾಕಬಹುದು. ಆತ ಸಮನ್ಸ್‌ಗೆ ಸಿಗದಿದ್ದರೆ ಪತ್ರಿಕಾ ಪ್ರಕಟಣೆ ಕೊಟ್ಟು ಪ್ರಕರಣ ಮುಂದುವರಿಯುತ್ತದೆ.

ವಕೀಲರ ಫೀಸಿಗೆ ಹೆದರಿ ಸುಮ್ಮನಿರುವವರೇ ಹೆಚ್ಚು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಉಚಿತ ಕಾನೂನು ನೆರವಿಗೆ ಮಹಿಳೆಯರಿಗೆ ಆದಾಯದ ಮಿತಿ ಇಲ್ಲ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿಯ ಕಚೇರಿ ಇರುತ್ತದೆ, ಸಹಾಯವಾಣಿ 15100.

ಡಿಕ್ರಿ ಯಾಕೆ ಇಷ್ಟು ಮುಖ್ಯ? ಮೂರು ಕಡೆ ಅದು ನೇರ ದುಡ್ಡಿನ ಪ್ರಶ್ನೆಯಾಗುತ್ತದೆ: ಮಾಸಾಶನದಲ್ಲಿ, ತಂದೆಯ ಕುಟುಂಬ ಪಿಂಚಣಿಯಲ್ಲಿ, ಆಕೆಯ ಸಾವಿನ ನಂತರ ಆಸ್ತಿಯಲ್ಲಿ.

ಎಂಟುನೂರು ರೂಪಾಯಿ ಮತ್ತು ಒಂದು ರೇಷನ್ ಕಾರ್ಡು

ಕರ್ನಾಟಕದಲ್ಲಿ 2013ರಲ್ಲಿ ಬಂದ ಮನಸ್ವಿನಿ ಯೋಜನೆ ಮದುವೆಯಾಗದ ಮತ್ತು ವಿಚ್ಛೇದಿತ ಬಡ ಮಹಿಳೆಯರಿಗೆ, 40ರಿಂದ 64 ವರ್ಷದವರೆಗೆ. ಶುರುವಿನಲ್ಲಿ ತಿಂಗಳಿಗೆ 500 ರೂಪಾಯಿ ಇತ್ತು, ಹಂತಹಂತವಾಗಿ 800 ಆಯಿತು. ವಿಧವಾ ವೇತನವೂ 800, ಆದರೆ ಅದು 18 ವರ್ಷದಿಂದಲೇ ಸಿಗುತ್ತದೆ. 65 ತುಂಬಿದವರಿಗೆ ಸಂಧ್ಯಾ ಸುರಕ್ಷಾ, 1,200 ರೂಪಾಯಿ. ಅರ್ಜಿ ನಾಡಕಚೇರಿಯ ಅಟಲ್‌ಜೀ ಜನಸ್ನೇಹಿ ಕೇಂದ್ರದಲ್ಲಿ. ಗ್ರಾಮ ಆಡಳಿತ ಅಧಿಕಾರಿ ಪರಿಶೀಲಿಸುತ್ತಾರೆ.

ಅರ್ಜಿ ಮುಗ್ಗರಿಸುವುದು ಸಾಮಾನ್ಯವಾಗಿ ಎರಡು ಕಡೆ. ಒಂದು, ಆಧಾರ್‌ನಲ್ಲಿರುವ ವಯಸ್ಸು. ಹುಟ್ಟಿದ ದಿನ ಗೊತ್ತಿಲ್ಲದವರಿಗೆಲ್ಲ ಜನವರಿ 1 ಎಂದು ಅಂದಾಜಿನ ವರ್ಷ ಬರೆದುಬಿಟ್ಟಿರುತ್ತಾರೆ. ನಲವತ್ತೈದು ದಾಟಿದ ಹೆಂಗಸು ಕಂಪ್ಯೂಟರಿನಲ್ಲಿ ಮೂವತ್ತೆಂಟಾಗಿರುತ್ತಾಳೆ. ಎರಡು, ಬ್ಯಾಂಕ್ ಖಾತೆ. ಮಂಜೂರಾತಿ ಪತ್ರ ಕೈಗೆ ಬಂದರೂ ಹಣ ಬಂದಿಲ್ಲವೆಂದರೆ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಬ್ಯಾಂಕಿನಲ್ಲಿ ಕೇಳಬೇಕು. ಎರಡು ಖಾತೆ ಇದ್ದರೆ ನೇರ ನಗದು ವರ್ಗಾವಣೆಯ ಹಣ ಹೋಗುವುದು ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಖಾತೆಗೆ. ಹಳೇ ಪಾಸ್‌ಬುಕ್ ನೋಡಿ ನೋಡಿ ಬೇಸರಪಟ್ಟು ಪ್ರಯೋಜನವಿಲ್ಲ.

ಗಂಡ ಬಿಟ್ಟು ಹೋಗಿ ಡಿಕ್ರಿ ಇಲ್ಲದವಳಿಗೆ ಮನಸ್ವಿನಿಯ ‘ಅವಿವಾಹಿತೆ’ ಎಂಬ ಮಾತೂ ಹೊಂದುವುದಿಲ್ಲ, ‘ವಿಚ್ಛೇದಿತೆ’ ಎಂಬ ಮಾತೂ ಹೊಂದುವುದಿಲ್ಲ. ವಿಧವಾ ವೇತನ ಕೇಳಲು ಮರಣ ಪ್ರಮಾಣಪತ್ರ ಇಲ್ಲ. ಈ ಮೂರರ ನಡುವಿನ ಕಂದಕದಲ್ಲಿ ಬಿದ್ದವರನ್ನು ಮೇಲೆತ್ತುವುದು ಕೋರ್ಟಿನ ಆ ಒಂದು ಹಾಳೆ.

ಗೃಹಲಕ್ಷ್ಮಿಯ 2,000 ರೂಪಾಯಿಯ ಕೀಲಿ ಇರುವುದು ರೇಷನ್ ಕಾರ್ಡಿನಲ್ಲಿ. 2013ರ ಆಹಾರ ಭದ್ರತಾ ಕಾಯ್ದೆಯ 13ನೇ ಕಲಂ ಪ್ರಕಾರ ಮನೆಯಲ್ಲಿ 18 ದಾಟಿದ ಹೆಂಗಸರ ಪೈಕಿ ಹಿರಿಯಳೇ ಕಾರ್ಡಿನ ಯಜಮಾನಿ. ತಾಯಿ, ತಮ್ಮ, ತಮ್ಮನ ಹೆಂಡತಿಯ ಜೊತೆ ಒಂದೇ ಕಾರ್ಡಿನಲ್ಲಿರುವ ಮದುವೆಯಾಗದ ಅಕ್ಕ ತಾಯಿ ಇರುವವರೆಗೆ ಬರೀ ಸದಸ್ಯೆ. ತಾಯಿ ತೀರಿಕೊಂಡ ಮೇಲೆ ವಯಸ್ಸಿನ ಲೆಕ್ಕದಲ್ಲಿ ಅವಳೇ ಯಜಮಾನಿ, ನಾದಿನಿಯಲ್ಲ. ಆದರೆ ಕಾರ್ಡು ತಿದ್ದಿಸಲು ಹೋಗುವವನು ತಮ್ಮನಾಗಿದ್ದರೆ ಯಾರ ಹೆಸರು ಮೇಲೆ ಬರುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ತಾಯಿಯ ಹೆಸರು ತೆಗೆಸುವ ದಿನ ಖುದ್ದು ಹೋಗುವುದು ಒಳ್ಳೆಯದು.

ತಂದೆ ಕೇಂದ್ರ ಸರ್ಕಾರದ ನೌಕರಿಯಲ್ಲಿದ್ದವರು ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ತಂದೆ-ತಾಯಿ ಇಬ್ಬರೂ ತೀರಿಕೊಂಡ ಮೇಲೆ ಅವಿವಾಹಿತ, ವಿಧವೆ ಅಥವಾ ವಿಚ್ಛೇದಿತ ಮಗಳಿಗೆ 25 ದಾಟಿದ ನಂತರವೂ ಕುಟುಂಬ ಪಿಂಚಣಿ ಸಿಗುತ್ತದೆ. ಆಕೆ ಅವರ ಮೇಲೆ ಅವಲಂಬಿತಳಾಗಿರಬೇಕು, ಆಕೆಯ ಸ್ವಂತ ಆದಾಯ ತಿಂಗಳಿಗೆ 9,000 ರೂಪಾಯಿ ಮತ್ತು ಅದರ ಮೇಲಿನ ತುಟ್ಟಿಭತ್ಯೆಗಿಂತ ಕಡಿಮೆ ಇರಬೇಕು. ವಿಚ್ಛೇದಿತೆಗೆ ಇನ್ನೊಂದು ಷರತ್ತು: ಡಿಕ್ರಿ ತಂದೆ-ತಾಯಿಯ ಕಾಲಾನಂತರ ಬಂದರೂ ನಡೆಯುತ್ತದೆ, ಆದರೆ ಅರ್ಜಿಯನ್ನು ಅವರಲ್ಲಿ ಒಬ್ಬರಾದರೂ ಬದುಕಿರುವಾಗಲೇ ಕೋರ್ಟಿಗೆ ಹಾಕಿರಬೇಕು. ‘ಅಪ್ಪ ಇರುವವರೆಗೆ ಕೋರ್ಟು ಕಚೇರಿ ಬೇಡ, ಅವರ ಮನಸ್ಸಿಗೆ ನೋವಾಗುತ್ತದೆ’ ಎಂದು ತಡೆದುಕೊಂಡವರು ಕಳೆದುಕೊಳ್ಳುವುದು ಜೀವನಪೂರ್ತಿ ಬರಬೇಕಾದ ಪಿಂಚಣಿಯನ್ನು.

ವಂಶವೃಕ್ಷದಿಂದ ಉದುರಿದ ಹೆಸರು

ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳ ಹಕ್ಕಿನ ವಿಷಯದಲ್ಲಿ ಕರ್ನಾಟಕ ಕೇಂದ್ರಕ್ಕಿಂತ ಮುಂಚೆಯೇ ಹೆಜ್ಜೆ ಇಟ್ಟಿತ್ತು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ರಾಜ್ಯ ತಂದ, 1994ರ ಜುಲೈ 30ರಿಂದ ಜಾರಿಗೆ ಬಂದ ತಿದ್ದುಪಡಿ ಮಗಳನ್ನೂ ಮಗನಂತೆ ಸಹದಾಯಾದಿ (ಕುಟುಂಬದ ಆಸ್ತಿಯಲ್ಲಿ ಹುಟ್ಟಿನಿಂದಲೇ ಪಾಲುದಾರಳು) ಮಾಡಿತು, ಆದರೆ ಆ ದಿನಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತು. ಒಂಟಿಯಾಗಿ ಉಳಿದವಳಿಗೆ ಕಾನೂನು ಲಾಭ ಮಾಡಿಕೊಟ್ಟ ಅಪರೂಪದ ಸಂದರ್ಭ ಅದು. 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿ ಮದುವೆಯ ಭೇದ ತೆಗೆದುಹಾಕಿತು. ಹಕ್ಕು ಹುಟ್ಟಿನಿಂದಲೇ ಬರುವುದು, ತಿದ್ದುಪಡಿ ಬಂದ ದಿನ ತಂದೆ ಬದುಕಿರಬೇಕಿಲ್ಲ ಎಂದು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಾಯಿತ ಪತ್ರದಿಂದಲೋ ಕೋರ್ಟಿನ ಡಿಕ್ರಿಯಿಂದಲೋ ವಿಭಾಗ ಆಗಿಹೋಗಿದ್ದರೆ ಮಾತ್ರ ಅದನ್ನು ಮತ್ತೆ ಕೆದಕಲಾಗುವುದಿಲ್ಲ.

ಕಾನೂನು ಇಷ್ಟು ಸ್ಪಷ್ಟ ಇದ್ದ ಮೇಲೂ ಪಾಲು ತಪ್ಪುವುದು ಹೇಗೆ? ಅದು ತಪ್ಪುವುದು ವಂಶವೃಕ್ಷದಲ್ಲಿ. ತಂದೆ ತೀರಿಕೊಂಡ ಮೇಲೆ ಜಮೀನು ಮಕ್ಕಳ ಹೆಸರಿಗೆ ಬರಲು ಪೌತಿ ಖಾತೆ ಮಾಡಿಸಬೇಕು. ಅದಕ್ಕೆ ಆಧಾರ ಗ್ರಾಮ ಆಡಳಿತ ಅಧಿಕಾರಿ ಪರಿಶೀಲಿಸಿ ನಾಡಕಚೇರಿಯಿಂದ ಬರುವ ವಂಶವೃಕ್ಷ. ಅರ್ಜಿದಾರ ಪ್ರಮಾಣಪತ್ರ ಕೊಡುತ್ತಾನೆ, ನೆರೆಹೊರೆಯವರು ಮಹಜರಿಗೆ ಸಹಿ ಹಾಕುತ್ತಾರೆ. ಆ ಹಾಳೆಯ ಮೇಲೆ ತಂದೆಯ ಹೆಸರಿನ ಕೆಳಗೆ ಎಳೆದ ಗೆರೆಗಳು ಎರಡೋ ಮೂರೋ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವ, ಹಬ್ಬಕ್ಕೆ ಮಾತ್ರ ಊರಿಗೆ ಬರುವ ತಂಗಿಗೆ ಅಲ್ಲಿ ಗೆರೆಯೇ ಇರುವುದಿಲ್ಲ. ಊರಿನ ಮಹಜರುದಾರರು ಸುಳ್ಳು ಹೇಳಬೇಕೆಂದೇ ಸಹಿ ಹಾಕಿರುತ್ತಾರೆ ಎಂದೇನಿಲ್ಲ. ‘ಅವಳಿಗೇನು, ಸಂಬಳ ಬರುತ್ತದೆ, ಹಿಂದೆ ಮುಂದೆ ಯಾರೂ ಇಲ್ಲ’ ಎಂಬುದು ಅವರ ಪ್ರಾಮಾಣಿಕ ಅಭಿಪ್ರಾಯವೇ ಆಗಿರುತ್ತದೆ.

ತಡೆಯುವ ಕೆಲಸ ಕಷ್ಟದ್ದಲ್ಲ, ಸಮಯಕ್ಕೆ ಮಾಡಬೇಕು ಅಷ್ಟೇ. ಸರ್ವೆ ನಂಬರ್ ಬರೆದಿಟ್ಟುಕೊಂಡು ಭೂಮಿ ಪೋರ್ಟಲ್‌ನಲ್ಲಿ ಆಗಾಗ ಪಹಣಿ ನೋಡಬೇಕು: 9ನೇ ಕಾಲಂನಲ್ಲಿ ಮಾಲೀಕರ ಹೆಸರು, 11ನೇ ಕಾಲಂನಲ್ಲಿ ಸಾಲ ಮತ್ತು ಇತರ ಹಕ್ಕುಗಳು. ತಂದೆ ತೀರಿಕೊಂಡ ಕೆಲವೇ ವಾರಗಳಲ್ಲಿ ಎಲ್ಲ ಮಕ್ಕಳ ಹೆಸರಿಗೂ ಜಂಟಿ ಪೌತಿ ಖಾತೆ ಕೋರಿ ತಾನೇ ಅರ್ಜಿ ಹಾಕಿಬಿಟ್ಟರೆ ಇನ್ನೂ ಸುರಕ್ಷಿತ. ಮ್ಯುಟೇಶನ್ (ಖಾತೆ ಬದಲಾವಣೆ) ಆಗಲೇ ಶುರುವಾಗಿದ್ದರೆ ನೋಟಿಸಿನ ಅವಧಿಯೊಳಗೆ ಲಿಖಿತ ತಕರಾರು ಕೊಟ್ಟು ಸ್ವೀಕೃತಿ ಪಡೆಯಬೇಕು. ತಕರಾರು ದಾಖಲಾದರೆ ಕಡತ ಸಲೀಸಾಗಿ ಮುಂದಕ್ಕೆ ಹೋಗುವುದಿಲ್ಲ. ಅವಧಿ ಮೀರಿ ಖಾತೆ ಅಣ್ಣತಮ್ಮಂದಿರ ಹೆಸರಿಗೆ ಆಗಿಹೋದರೂ ಎದೆಗುಂದಬೇಕಿಲ್ಲ: ಖಾತೆ ಎಂದರೆ ಹಕ್ಕುಪತ್ರವಲ್ಲ, ವಿಭಾಗದ ದಾವೆ ಹೂಡಬಹುದು. ಆದರೆ ಅಲ್ಲಿಂದ ಮುಂದೆ ಲೆಕ್ಕ ತಿಂಗಳುಗಳದ್ದಲ್ಲ, ವರ್ಷಗಳದ್ದು.

‘ಬ್ಯಾಂಕ್ ಸಾಲಕ್ಕೆ ಬೇಕು, ಒಂದು ಸಹಿ ಹಾಕಿ ಹೋಗಕ್ಕಾ’ ಎಂದು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದರೆ ಪತ್ರದ ತಲೆಬರಹ ಓದಿ. ‘ಹಕ್ಕು ಬಿಡುಗಡೆ ಪತ್ರ’ ಎಂದಿದ್ದರೆ ಅದು ಸಾಲದ ಕಾಗದವಲ್ಲ.

ಇರುವ ಮನೆಯಿಂದಲೇ ಹೊರಗೆ ಹಾಕುವ ಪ್ರಯತ್ನ ನಡೆದರೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ನೆರವಿಗಿದೆ. ಅದು ಹೆಂಡತಿಯರಿಗೆ ಮಾತ್ರ ಎಂಬ ತಪ್ಪು ತಿಳಿವಳಿಕೆ ಪೊಲೀಸ್ ಠಾಣೆಗಳಲ್ಲೂ ಇದೆ. ರಕ್ತಸಂಬಂಧದಿಂದ ಒಂದೇ ಮನೆಯಲ್ಲಿ ವಾಸವಿರುವ ಅಕ್ಕ, ತಂಗಿ, ಮಗಳು, ತಾಯಿ ಎಲ್ಲರೂ ಅದರಡಿ ವಾಸದ ಆದೇಶ ಕೇಳಬಹುದು. ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಸಂರಕ್ಷಣಾಧಿಕಾರಿಗಳು. ಮಹಿಳಾ ಸಹಾಯವಾಣಿ 181.

ಆಕೆಯ ಆಸ್ತಿ ಆಕೆಯ ನಂತರ

ಇಡೀ ವಿಷಯದಲ್ಲಿ ಅತಿ ಕಡಿಮೆ ಜನಕ್ಕೆ ಗೊತ್ತಿರುವುದು ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಂ. ಹಿಂದೂ ಮಹಿಳೆ ಉಯಿಲು ಬರೆಯದೆ ತೀರಿಕೊಂಡರೆ ಆಸ್ತಿ ಹೋಗುವ ಸಾಲು ಹೀಗಿದೆ: ಮೊದಲು ಮಕ್ಕಳು ಮತ್ತು ಗಂಡ; ಅವರಿಲ್ಲದಿದ್ದರೆ ಗಂಡನ ವಾರಸುದಾರರು; ಆಮೇಲೆ ತಾಯಿ-ತಂದೆ; ನಂತರ ತಂದೆಯ ವಾರಸುದಾರರು; ಕೊನೆಗೆ ತಾಯಿಯ ವಾರಸುದಾರರು. ಗಂಡನ ಕಡೆಯ ಮೈದುನನ ಮಗ ಹೆತ್ತ ತಾಯಿಗಿಂತ ಮುಂದೆ ನಿಂತಿದ್ದಾನೆ ಎಂಬುದನ್ನು ಇನ್ನೊಮ್ಮೆ ಓದಿಕೊಳ್ಳಿ.

ಇದು ಕಾಗದದ ಮೇಲಿನ ಭಯವಲ್ಲ. 1955ರಲ್ಲಿ ಮದುವೆಯಾದ ಒಬ್ಬ ಹೆಣ್ಣುಮಗಳ ಗಂಡ ಮೂರೇ ತಿಂಗಳಲ್ಲಿ ಹಾವು ಕಚ್ಚಿ ಸತ್ತ. ಗಂಡನ ಮನೆಯವರು ಆಕೆಯನ್ನು ಹೊರಗೆ ಹಾಕಿದರು. ತವರಿನವರು ಓದಿಸಿದರು, ಆಕೆ ನೌಕರಿಗೆ ಸೇರಿದಳು, ನಾಲ್ಕು ದಶಕ ಒಂಟಿಯಾಗಿ ಬದುಕಿ 1996ರಲ್ಲಿ ತೀರಿಕೊಂಡಳು. ಬ್ಯಾಂಕಿನ ಹಣ, ಪಿಎಫ್ ಎಲ್ಲ ಆಕೆ ದುಡಿದದ್ದು. ತಾಯಿಯೂ ಕೇಳಿದರು, ಗಂಡನ ಕಡೆಯವರೂ ಕೇಳಿದರು. ಓಂ ಪ್ರಕಾಶ್ ವಿರುದ್ಧ ರಾಧಾಚರಣ್ ಎಂಬ ಹೆಸರಿನ ಈ ಪ್ರಕರಣದಲ್ಲಿ 2009ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಗಂಡನ ಕಡೆಯವರ ಪರ. ಸ್ವಯಾರ್ಜಿತ ಆಸ್ತಿಗೆ ಕಾಯ್ದೆ ಹೇಳುವುದೇ ಅದು, ಸಹಾನುಭೂತಿಯಿಂದ ಕಾನೂನು ಬದಲಿಸಲಾಗದು ಎಂಬುದು ತೀರ್ಪಿನ ಧಾಟಿ.

ತಂದೆ-ತಾಯಿಯಿಂದ ವಾರಸಿಕೆಯಾಗಿ ಬಂದ ಆಸ್ತಿಗೆ ವಿನಾಯಿತಿ ಇದೆ: ಮಕ್ಕಳಿಲ್ಲದಿದ್ದರೆ ಅದು ತಂದೆಯ ವಾರಸುದಾರರಿಗೇ ಮರಳುತ್ತದೆ. ಆದರೆ ಸಂಬಳದಲ್ಲಿ ಉಳಿಸಿ ಕೊಂಡ ಸೈಟಿಗೆ ಈ ವಿನಾಯಿತಿ ಇಲ್ಲ. ಈಗ ಡಿಕ್ರಿಯ ಮಾತಿಗೆ ಮರಳಿದರೆ, ಹದಿನೈದು ವರ್ಷದಿಂದ ಮುಖ ತೋರಿಸದ ಗಂಡ ಕಾನೂನಿನಲ್ಲಿ ಇನ್ನೂ ಗಂಡನಾಗಿಯೇ ಇದ್ದರೆ, ಮಕ್ಕಳಿಲ್ಲದ ಆಕೆಯ ಸೈಟಿಗೆ ಮೊದಲ ವಾರಸುದಾರ ಆತನೇ. ಮದುವೆಯಾಗದವಳ ವಿಷಯ ಸರಳ, ತಾಯಿ-ತಂದೆಗೆ ಹೋಗುತ್ತದೆ. ಅವರೂ ಇಲ್ಲದಿದ್ದರೆ ತಂದೆಯ ವಾರಸುದಾರರಾದ ಒಡಹುಟ್ಟಿದವರಿಗೆ. ನೋಡಿಕೊಂಡ ತಂಗಿಗೂ, ಇಪ್ಪತ್ತು ವರ್ಷ ಮಾತು ಬಿಟ್ಟ ಅಣ್ಣನಿಗೂ ಸಮಪಾಲು.

ಇದಕ್ಕೆಲ್ಲ ಮದ್ದು ಒಂದು ಉಯಿಲು. ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ಬರೆದವಳ ಸಹಿ, ಆಕೆ ಸಹಿ ಹಾಕಿದ್ದನ್ನು ಕಂಡ ಇಬ್ಬರು ಸಾಕ್ಷಿಗಳ ಸಹಿ, ಇಷ್ಟಿದ್ದರೆ ಅದು ಉಯಿಲು. ನೋಂದಣಿ ಕಡ್ಡಾಯವಲ್ಲ, ಆದರೆ ಒಂಟಿ ಮಹಿಳೆಯ ಉಯಿಲನ್ನು ‘ಯಾರೋ ಬಲವಂತದಿಂದ ಬರೆಸಿಕೊಂಡರು’ ಎಂದು ಪ್ರಶ್ನಿಸುವುದು ಸುಲಭವಾದ್ದರಿಂದ ಸಬ್ ರಿಜಿಸ್ಟ್ರಾರ್ ಮುಂದೆ ಮಾಡಿಸಿಡುವುದೇ ಲೇಸು. ಆಸ್ತಿ ಪಡೆಯುವವರನ್ನು ಸಾಕ್ಷಿ ಮಾಡಬೇಡಿ. ಸಾಕ್ಷಿಗಳು ತನಗಿಂತ ಚಿಕ್ಕ ವಯಸ್ಸಿನವರಿರಲಿ, ಮುಂದೊಂದು ದಿನ ಕೋರ್ಟಿಗೆ ಬಂದು ಹೇಳಬೇಕಾದವರು ಅವರೇ. ಉಯಿಲನ್ನು ಕಾರ್ಯಗತಗೊಳಿಸುವವರ ಹೆಸರು, ಸರ್ವೆ ಅಥವಾ ಖಾತಾ ನಂಬರು, ‘ಉಳಿದದ್ದೆಲ್ಲ ಇಂಥವರಿಗೆ’ ಎಂಬ ಒಂದು ವಾಕ್ಯ ಮರೆಯಬಾರದು. ಈ ವಾಕ್ಯ ಇಲ್ಲದಿದ್ದರೆ ಉಯಿಲು ಬರೆದ ನಂತರ ಕೊಂಡದ್ದೆಲ್ಲ ಮತ್ತೆ 15ನೇ ಕಲಂನ ಪಾಲು. ಮುಸ್ಲಿಂ ಮಹಿಳೆಯರು ವಾರಸುದಾರರ ಒಪ್ಪಿಗೆಯಿಲ್ಲದೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಉಯಿಲು ಮಾಡಲಾಗದು. ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯೇ ಪೂರ್ತಿ ಅನ್ವಯ.

‘ನಾಮಿನಿ ಹಾಕಿದ್ದೇನೆ, ಉಯಿಲು ಯಾಕೆ?’ ಎಂದು ಕೇಳುವವರಿದ್ದಾರೆ. ನಾಮಿನಿ ಬ್ಯಾಂಕಿನಿಂದ ಹಣ ಪಡೆದುಕೊಳ್ಳುವ ಕೈ ಮಾತ್ರ, ಒಡೆಯರು ವಾರಸುದಾರರೇ. ಷೇರುಗಳ ವಿಷಯದಲ್ಲೂ ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಇದನ್ನೇ ಹೇಳಿತು. ವಿಮೆಯಲ್ಲಿ 2015ರ ತಿದ್ದುಪಡಿಯ ನಂತರ ತಂದೆ-ತಾಯಿ, ಸಂಗಾತಿ, ಮಕ್ಕಳನ್ನು ನಾಮಿನಿ ಮಾಡಿದರೆ ಹಣ ಅವರದ್ದೇ ಆಗುತ್ತದೆ. ಅಕ್ಕನನ್ನೋ ಗೆಳತಿಯನ್ನೋ ಮಾಡಿದರೆ ಆಗುವುದಿಲ್ಲ. ಆದ್ದರಿಂದ ನಾಮಿನಿ ಮತ್ತು ಉಯಿಲು ಎರಡರಲ್ಲೂ ಒಂದೇ ಹೆಸರು ಇರಲಿ. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮಿನಿ ಮಾಡಲು ಅವಕಾಶವಿದೆ.

ಪಿಎಫ್ ನಿಯಮ ಬೇರೆ. ಅಲ್ಲಿ ‘ಕುಟುಂಬ’ ಇದ್ದರೆ ಕುಟುಂಬದವರನ್ನೇ ನಾಮಿನಿ ಮಾಡಬೇಕು, ಅವಲಂಬಿತ ತಂದೆ-ತಾಯಿ ಕುಟುಂಬಕ್ಕೆ ಸೇರುತ್ತಾರೆ, ಒಡಹುಟ್ಟಿದವರು ಸೇರುವುದಿಲ್ಲ. ಮದುವೆಗೆ ಮುಂಚೆ ಮಾಡಿದ ನಾಮಿನಿ ಮದುವೆಯಾದ ಕೂಡಲೇ ಅಸಿಂಧು. ಗಂಡನಿಂದ ದೂರ ಇರುವವರಿಗೆ 1952ರ ಪಿಎಫ್ ಯೋಜನೆಯೊಳಗೆ ಒಂದು ಸಣ್ಣ ಬಾಗಿಲಿದೆ: ಗಂಡನನ್ನು ತನ್ನ ಕುಟುಂಬದಿಂದ ಹೊರಗಿಡುತ್ತಿದ್ದೇನೆ ಎಂದು ಮಹಿಳಾ ಸದಸ್ಯೆ ಪಿಎಫ್ ಆಯುಕ್ತರಿಗೆ ಬರೆದು ಕೊಟ್ಟರೆ ಆತನೂ ಆತನ ತಂದೆ-ತಾಯಿಯೂ ಆ ಲೆಕ್ಕದಿಂದ ಹೊರಗೆ. ಡಿಕ್ರಿ ಬೇಕಿಲ್ಲ, ಒಂದು ಪತ್ರ, ಒಂದು ಸ್ವೀಕೃತಿ.

ಬಾಡಿಗೆ ಮನೆ

ಖಾಸಗಿ ಮಾಲೀಕರು ‘ಫ್ಯಾಮಿಲಿಗೆ ಮಾತ್ರ’ ಎಂದು ಬೋರ್ಡು ಹಾಕುವುದನ್ನು ತಡೆಯುವ ಕಾನೂನು ಇಲ್ಲ, ಹಾಗಾಗಿ ಅದರ ಬಗ್ಗೆ ವಾದಿಸಿ ಪ್ರಯೋಜನ ಕಡಿಮೆ. ಒಪ್ಪಿದ ಮಾಲೀಕರೊಂದಿಗಿನ ಕರಾರಿನಲ್ಲಿ ಗಟ್ಟಿಯಾಗಿರುವುದು ಮುಖ್ಯ: ಅಡ್ವಾನ್ಸ್ ಬ್ಯಾಂಕಿನ ಮೂಲಕ ಕೊಡುವುದು, ಪೇಂಟಿಂಗ್‌ಗೆ ಹಿಡಿಯುವ ಮೊತ್ತವನ್ನು ಮುಂಚೆಯೇ ಬರೆಸುವುದು, ಬಂದು ಹೋಗುವ ಅತಿಥಿಗಳ ಬಗ್ಗೆ ಬಾಯಿಮಾತಿನ ಷರತ್ತು ಏನೇ ಇದ್ದರೂ ಅದು ಕರಾರಿನೊಳಗೆ ಇದೆಯೇ ಎಂದು ನೋಡುವುದು, ಸೇರುವ ದಿನವೇ ಗೋಡೆ-ನಲ್ಲಿಗಳ ಫೋಟೊ ತೆಗೆದು ಮಾಲೀಕರ ವಾಟ್ಸ್‌ಆ್ಯಪ್‌ಗೆ ಕಳಿಸುವುದು. ಭೋಗ್ಯಕ್ಕೆ ಹೋಗುವವರು ಅದಕ್ಕೂ ಮುಂಚೆ ಋಣಭಾರ ಪತ್ರ ತೆಗೆಸಬೇಕು. ಮನೆ ಬ್ಯಾಂಕಿಗೆ ಅಡಮಾನವಾಗಿ ಮಾಲೀಕ ಕಂತು ಕಟ್ಟದಿದ್ದರೆ ಬ್ಯಾಂಕು ಬಾಗಿಲಿಗೆ ಬರುತ್ತದೆ, ಇಡಿಗಂಟು ಕೊಟ್ಟವಳು ಬೀದಿಗೆ ಬರುತ್ತಾಳೆ. ಉದ್ಯೋಗಸ್ಥ ಮಹಿಳೆಯರಿಗೆ ಕೇಂದ್ರದ ಸಖಿ ನಿವಾಸ್ ಹಾಸ್ಟೆಲುಗಳೂ ಇವೆ, ಮಹಾನಗರಗಳಲ್ಲಿ ಮಾಸಿಕ ಆದಾಯ 50,000 ರೂಪಾಯಿ, ಉಳಿದೆಡೆ 35,000 ಮೀರಬಾರದು.

ಮಗು ಬೇಕೆಂದರೆ

ದತ್ತು ತೆಗೆದುಕೊಳ್ಳುವಾಗ ಒಂಟಿ ಮಹಿಳೆ ಗಂಡು, ಹೆಣ್ಣು ಯಾವ ಮಗುವನ್ನಾದರೂ ಪಡೆಯಬಹುದು. ಒಂಟಿ ಗಂಡಸಿಗೆ ಹೆಣ್ಣುಮಗುವನ್ನು ಕೊಡುವುದಿಲ್ಲ. 2022ರ ನಿಯಮಗಳ ಪ್ರಕಾರ ಒಂಟಿ ಪೋಷಕರ ಗರಿಷ್ಠ ವಯಸ್ಸು ಎರಡು ವರ್ಷದವರೆಗಿನ ಮಗುವಿಗೆ 40, ಎರಡರಿಂದ ನಾಲ್ಕಕ್ಕೆ 45, ನಾಲ್ಕರಿಂದ ಎಂಟಕ್ಕೆ 50, ಅದಕ್ಕೂ ದೊಡ್ಡ ಮಕ್ಕಳಿಗೆ 55. ವಯಸ್ಸು ಲೆಕ್ಕ ಹಿಡಿಯುವುದು ಸರ್ಕಾರದ ದತ್ತು ಪೋರ್ಟಲ್‌ನಲ್ಲಿ ನೋಂದಾಯಿಸಿದ ದಿನಕ್ಕೆ. ಕಾಯುವ ಪಟ್ಟಿ ವರ್ಷಗಳಷ್ಟು ಉದ್ದ, ಆದ್ದರಿಂದ ‘ಮನೆ ಸಾಲ ತೀರಲಿ, ಆಮೇಲೆ ನೋಡೋಣ’ ಎನ್ನುವವರು ಈ ಅಂಕಿಗಳನ್ನು ಗೋಡೆಗೆ ಅಂಟಿಸಿಕೊಳ್ಳುವುದು ಒಳ್ಳೆಯದು.

ಐವಿಎಫ್‌ನಂಥ ಚಿಕಿತ್ಸೆಗೆ 2021ರ ಕಾಯ್ದೆ ಒಂಟಿ ಮಹಿಳೆಗೂ ಅವಕಾಶ ಕೊಡುತ್ತದೆ, ವಯಸ್ಸು 21ರಿಂದ 50ರೊಳಗೆ. ಅದೇ ವರ್ಷದ ಬಾಡಿಗೆ ತಾಯ್ತನದ ಕಾಯ್ದೆ ಮಾತ್ರ 35ರಿಂದ 45ರ ವಿಧವೆ ಮತ್ತು ವಿಚ್ಛೇದಿತೆಯರನ್ನು ಒಳಗೆ ಬಿಟ್ಟು ಮದುವೆಯೇ ಆಗದವಳನ್ನು ಹೊರಗೆ ನಿಲ್ಲಿಸಿದೆ. ಒಮ್ಮೆ ಮದುವೆಯಾಗಿ ಮುರಿದಿದ್ದರೆ ಅರ್ಹತೆ, ಆಗದೇ ಇದ್ದರೆ ಅನರ್ಹತೆ! ಈ ತರ್ಕ ಯಾರಿಗೆ ಹೊಳೆಯಿತೋ. ಬೇಡದ ಗರ್ಭದ ವಿಷಯದಲ್ಲಿ ಹಾಗಿಲ್ಲ: 2022ರ ಸೆಪ್ಟೆಂಬರ್ 29ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ 20ರಿಂದ 24 ವಾರದ ಗರ್ಭಪಾತದ ಅವಕಾಶದಲ್ಲಿ ವಿವಾಹಿತೆ-ಅವಿವಾಹಿತೆ ಎಂಬ ಭೇದ ಮಾಡುವಂತಿಲ್ಲ, ವಯಸ್ಕಳಾದರೆ ಬೇಕಾದ ಒಪ್ಪಿಗೆ ಆಕೆಯದ್ದೊಂದೇ.

ಮಗುವಿನ ಕಾಗದಗಳಲ್ಲಿ ತಂದೆಯ ಕಾಲಂ ಮತ್ತೆ ಎದುರಾಗುತ್ತದೆ. ಮದುವೆಯಾಗದ ತಾಯಿ ತಂದೆಯ ಹೆಸರು ಹೇಳದೆಯೇ ಏಕೈಕ ಪೋಷಕಿಯಾಗಬಹುದು, ಆಕೆಯ ಪ್ರಮಾಣಪತ್ರದ ಮೇಲೆ ಜನನ ಪ್ರಮಾಣಪತ್ರ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2015ರ ಜುಲೈನಲ್ಲಿ ಹೇಳಿತು. 2016ರ ಡಿಸೆಂಬರ್‌ನಿಂದ ಪಾಸ್‌ಪೋರ್ಟ್‌ಗೆ ತಂದೆ ಅಥವಾ ತಾಯಿ ಒಬ್ಬರ ಹೆಸರು ಸಾಕು. ದೂರವಾದ ಗಂಡನ ಹೆಸರೂ ಬೇಡ. 2018ರ ಡಿಸೆಂಬರ್ 5ರಿಂದ ಒಂಟಿ ತಾಯಿಯ ಮಕ್ಕಳ ಪ್ಯಾನ್ ಅರ್ಜಿಯಲ್ಲೂ ತಂದೆಯ ಹೆಸರು ಕಡ್ಡಾಯವಲ್ಲ. ಕೌಂಟರಿನಲ್ಲಿ ಕೂತವರಿಗೆ ಇವು ಗೊತ್ತಿರುವುದಿಲ್ಲ. ಆದೇಶದ ಪ್ರತಿ ಕೈಯಲ್ಲಿದ್ದರೆ ಮಾತು ಬೇಗ ಮುಗಿಯುತ್ತದೆ.

ಆಪರೇಷನ್‌ಗೆ ಮುಂಚಿನ ಸಹಿ

‘ನಿಮ್ಮವರು ಯಾರಾದರೂ ಬಂದು ಸಹಿ ಹಾಕಲಿ’ ಎನ್ನುವುದು ಆಸ್ಪತ್ರೆಯ ರೂಢಿ. ಪ್ರಜ್ಞೆ ಇರುವ ವಯಸ್ಕಳ ಚಿಕಿತ್ಸೆಗೆ ಕಾನೂನಿನಲ್ಲಿ ಬೇಕಾಗಿರುವುದು ಆಕೆಯ ಒಪ್ಪಿಗೆ ಮಾತ್ರ. 2008ರಲ್ಲಿ ತೀರ್ಪು ಬಂದ ಸಮೀರಾ ಕೊಹ್ಲಿ ಪ್ರಕರಣ 44 ವರ್ಷದ ಅವಿವಾಹಿತೆಯೊಬ್ಬರದ್ದೇ. ಪರೀಕ್ಷೆಗೆಂದು ಅರಿವಳಿಕೆ ಕೊಟ್ಟು, ಹೊರಗೆ ಕೂತಿದ್ದ ತಾಯಿಯಿಂದ ಒಪ್ಪಿಗೆ ಪಡೆದು ಗರ್ಭಕೋಶ ತೆಗೆದಿದ್ದರು. ಜೀವಕ್ಕೆ ಅಪಾಯವಿರಲಿಲ್ಲ, ಆಕೆ ಎಚ್ಚರವಾದ ಮೇಲೆ ಕೇಳಬಹುದಿತ್ತು, ತಾಯಿಯ ಸಹಿಗೆ ಬೆಲೆಯಿಲ್ಲ ಎಂದಿತು ಸುಪ್ರೀಂ ಕೋರ್ಟ್. ಆಸ್ಪತ್ರೆಯವರು ಒತ್ತಾಯಿಸಿದರೆ ಎರಡು ಸಹಿಗಳನ್ನು ಬೇರೆ ಮಾಡಿ ಕೇಳಿ: ಚಿಕಿತ್ಸೆಯ ಒಪ್ಪಿಗೆಯ ಸಹಿ ರೋಗಿಯದ್ದು, ಬಿಲ್ಲಿನ ಜವಾಬ್ದಾರಿಯ ಸಹಿ, ಅಟೆಂಡರ್ ಹೆಸರು ಗೆಳತಿಯದ್ದೋ ಸಹೋದ್ಯೋಗಿಯದ್ದೋ ಆಗಬಹುದು.

ಪ್ರಜ್ಞೆ ಇಲ್ಲದಾಗ ಏನು ಎಂಬುದೇ ನಿಜವಾದ ತೊಡಕು. ಜನರಲ್ ಪವರ್ ಆಫ್ ಅಟಾರ್ನಿ (ತನ್ನ ಪರವಾಗಿ ವ್ಯವಹಾರ ನಡೆಸಲು ಕೊಡುವ ಅಧಿಕಾರ ಪತ್ರ) ಕೊಟ್ಟಿದ್ದೇನೆ ಎಂದು ನಿಶ್ಚಿಂತೆಯಿಂದಿರುವವರಿಗೆ ಗೊತ್ತಿರಬೇಕು, ಕೊಟ್ಟವರು ಬುದ್ಧಿಸ್ಥಿಮಿತ ಕಳೆದುಕೊಂಡರೆ ಕರಾರು (ಕಾಂಟ್ರ್ಯಾಕ್ಟ್) ಕಾಯ್ದೆಯ 201ನೇ ಕಲಂ ಪ್ರಕಾರ ಅದೂ ಮುಗಿಯಿತು. ಬೇಕಾದ ಹೊತ್ತಿಗೇ ಕೈಕೊಡುವ ಕಾಗದ ಅದು. ಅದರ ಬದಲು ಮುಂಗಡ ವೈದ್ಯಕೀಯ ನಿರ್ದೇಶನ ಬರೆದಿಡಬಹುದು: ಚೇತರಿಕೆಯ ಆಸೆಯೇ ಇಲ್ಲದ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಡ, ತನ್ನ ಪರವಾಗಿ ಮಾತಾಡುವವರು ಯಾರು ಎಂದು. 2023ರಲ್ಲಿ ಸುಪ್ರೀಂ ಕೋರ್ಟ್ ವಿಧಾನ ಸರಳ ಮಾಡಿದ ಮೇಲೆ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಪಡೆದರೆ ಸಾಕು. ಕರ್ನಾಟಕ ಸರ್ಕಾರ ಇದರ ಜಾರಿಗೆ 2025ರ ಜನವರಿ 30ರಂದು ಆದೇಶ ಹೊರಡಿಸಿದೆ. ಮಾನಸಿಕ ಆರೋಗ್ಯದ ಚಿಕಿತ್ಸೆಗೆ 2017ರ ಕಾಯ್ದೆಯಲ್ಲಿ ಪ್ರತಿನಿಧಿಯನ್ನು ನೇಮಿಸುವ ಪ್ರತ್ಯೇಕ ಅವಕಾಶವಿದೆ, ಆ ಪ್ರತಿನಿಧಿ ಬಂಧುವೇ ಆಗಿರಬೇಕೆಂದಿಲ್ಲ.

ಇನ್ನು ಈ ಕಾಗದಗಳನ್ನು ಇಡುವುದೆಲ್ಲಿ. ಬಹಳ ಜನ ಬ್ಯಾಂಕ್ ಲಾಕರಿನಲ್ಲಿ ಇಡುತ್ತಾರೆ. ಲಾಕರು ಆಕೆಯೊಬ್ಬಳ ಹೆಸರಿನಲ್ಲಿದ್ದು, ನಾಮಿನಿ ಹಾಕದೇ ಇದ್ದರೆ, ಆಕೆಯ ನಂತರ ಅದನ್ನು ತೆರೆಯಲು ಬ್ಯಾಂಕು ವಾರಸುದಾರಿಕೆಯ ದಾಖಲೆ ಕೇಳುತ್ತದೆ. ವಾರಸುದಾರರು ಯಾರೆಂದು ಹೇಳುವ ಉಯಿಲು ಲಾಕರಿನ ಒಳಗೆ ಬೆಚ್ಚಗೆ ಕೂತಿರುತ್ತದೆ. ಆಸ್ಪತ್ರೆಯ ನಿರ್ದೇಶನದ ಕಥೆಯೂ ಅಷ್ಟೇ, ಭಾನುವಾರ ರಾತ್ರಿ ತುರ್ತು ವಿಭಾಗಕ್ಕೆ ಸೇರಿಸಿದರೆ ಲಾಕರು ತೆರೆಯುವುದು ಸೋಮವಾರ ಹತ್ತು ಗಂಟೆಗೆ. ಮೂಲ ಪ್ರತಿ ಮನೆಯ ಬೀರುವಿನ ಒಂದು ಕಡತದಲ್ಲಿ, ಒಂದು ಪ್ರತಿ ಹೆಸರಿಸಿದ ವ್ಯಕ್ತಿಯ ಕೈಯಲ್ಲಿ, ಮತ್ತೊಂದರ ಫೋಟೊ ಇಬ್ಬರ ಫೋನಿನಲ್ಲಿ. ಬೀರುವಿನ ಕೀಲಿ ಎಲ್ಲಿದೆ ಎಂಬುದು ಪಕ್ಕದ ಮನೆಯವರಿಗೂ ಗೊತ್ತಿರಲಿ.